ಬಂದರು, ಹೊಯಿಗೆ ಬಜಾರ್, ಜೆಪ್ಪು ಕಡೆಯ ಹಳೆ ಗೋದಾಮು, ಅಂಗಡಿಗಳ ಫೋಟೊ ತೆಗೆಯುತ್ತಿದ್ದೇನೆ. ಬಾಗಿಲ ಮೇಲಿನ ಈ ಕಬ್ಬಿಣದ ಕೊಕ್ಕೆ ಎಂತಕ್ಕೆ?

ಹಲಗೆಬಾಗಿಲು
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ಲೆಕ್ಕ ಬರೆಯುವ ಕೆಲಸ. ಕಳೆದ ಮಳೆಗಾಲ ಮುಗಿದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಯಾಮರಾ ಹಿಡಿದು ಹಳೆ ಬಂದರಿನ ಕಡೆ ಹೋಗುತ್ತೇನೆ. ಅಲ್ಲಿಂದ ಹೊಯಿಗೆ ಬಜಾರ್, ಬೋಳಾರ, ಜೆಪ್ಪು. ಅಲೋಶಿಯಸ್ ಚಾಪೆಲ್, ಕದ್ರಿ, ಸುಲ್ತಾನ್ ಬತ್ತೇರಿ ಇವನ್ನೆಲ್ಲ ಎಲ್ಲರೂ ತೆಗೆಯುತ್ತಾರೆ. ನನಗೆ ಬೇಕಾದದ್ದು ಯಾರೂ ತಲೆ ಎತ್ತಿ ನೋಡದವು. ಕೊಪ್ಪರೆ ಗೋದಾಮು, ಹಗ್ಗದ ಅಂಗಡಿ, ಹಂಚಿನ ಕಾರ್ಖಾನೆಯ ಉಳಿದ ಚಿಮಣಿ, ಗೋಡೆ ಮೇಲೆ ಅರ್ಧ ಅಳಿಸಿದ ಬೀಡಿ ಜಾಹೀರಾತು.

ಹೋದ ವಾರ ಒಂದು ಅಂಗಡಿ ಸಿಕ್ಕಿತು. ಮುಂದೆ ಒಂಬತ್ತು ಹಲಗೆಗಳ ಬಾಗಿಲು. ಪ್ರತಿ ಹಲಗೆಯ ಮೇಲ್ತುದಿಯಲ್ಲಿ ಉಳಿಯಿಂದ ಕೊರೆದ ಕನ್ನಡ ಅಂಕಿ, ೧ರಿಂದ ೯. ಬೆಳಿಗ್ಗೆ ತೆಗೆದು ಮೂಲೆಗೆ ಒರಗಿಸುವುದು, ರಾತ್ರಿ ಅದೇ ಕ್ರಮದಲ್ಲಿ ಚೌಕಟ್ಟಿನ ತೋಡಿಗೆ ಸೇರಿಸುವುದು. ೪ ಅಂತ ಬರೆದ ಹಲಗೆ ಮಾತ್ರ ಹೊಸ ಮರ, ಅದರ ಮೇಲಿನ ಅಂಕಿ ಬಣ್ಣದಲ್ಲಿ ಬರೆದದ್ದು. ಅರ್ಧ ಗಂಟೆ ಅದನ್ನೇ ನೋಡುತ್ತ ನಿಂತಿದ್ದೆ.

ನನ್ನ ಪ್ರಶ್ನೆಗಳು ಎರಡು. ಬಂದರಿನ ಗೋದಾಮುಗಳ ಜಗಲಿ ಮೇಲೆ, ಬಾಗಿಲಿನ ಎದುರಿನ ತೊಲೆಗೆ, ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಕೊಕ್ಕೆ ಇರುತ್ತದೆ. ಈವರೆಗೆ ಹನ್ನೊಂದು ಕಡೆ ನೋಡಿದೆ. ಅದು ಎಂತಕ್ಕೆ? ಎರಡನೆಯದು, ಫೋಟೊ ತೆಗೆಯುವಾಗ ಜನ "ರಸ್ತೆ ಅಗಲ ಮಾಡುವವರ ಕಡೆಯವರಾ?" ಅಂತ ಹೆದರಿ ಕೇಳುತ್ತಾರೆ. ಹೇಗೆ ಮಾತಾಡಿಸಬೇಕು?

ಮೂರುಕಾಲು
ಬೇಗ ತೆಗೆಯಿರಿ. ಮುಂದಿನ ಭಾನುವಾರಕ್ಕೆ ಅದು ಇರುತ್ತದೆ ಅಂತ ನಂಬಬೇಡಿ.

ಕೆಂಪುಕಲ್ಲು
ಕೊಕ್ಕೆ ಲಾಟೀನು ತೂಗು ಹಾಕಲಿಕ್ಕೆ. ಕರೆಂಟು ಬರುವ ಮೊದಲು ಎಲ್ಲ ಕಡೆ ಇತ್ತು.

ಬೋಳಾರದ_ಹುಡುಗಿ
ಲಾಟೀನಿಗೆ ಹೆಬ್ಬೆರಳು ದಪ್ಪದ ಕಬ್ಬಿಣ ಯಾಕೆ ಬೇಕು? ಅದು ಮೂಟೆ ಎತ್ತುವ ರಾಟೆಗೆ ಇರಬೇಕು.

ಕೆಂಪುಕಲ್ಲು
ಸರಿ, ಆ ದಪ್ಪ ನೋಡಿದರೆ ಲಾಟೀನು ಅಲ್ಲ, ಒಪ್ಪಿದೆ. ತೊಟ್ಟಿಲು ಕೂಡ ಆಗಿರಬಹುದು. ಹಿಂದೆ ಅಂಗಡಿ, ಮನೆ ಒಂದೇ ಕಡೆ ಇರುತ್ತಿತ್ತಲ್ವಾ.

ನೇತ್ರಾವತಿ_ದಡ
ನನ್ನ ಅಮ್ಮ ಹದಿನೆಂಟು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ.

ಕಾರ್ಖಾನೆ ಅಂದರೆ ಜನ ಚಿಮಣಿ ಮಾತ್ರ ಫೋಟೊ ತೆಗೆಯುತ್ತಾರೆ. ದಯವಿಟ್ಟು ಮೇಲಿನ ಮಹಡಿಗಳನ್ನು ನೋಡಿ. ಗೂಡು ಕೆಳಗೆ ಇರುತ್ತಿತ್ತು, ಅದರ ಬಿಸಿ ಮೇಲೆ ಏರಿ ಹಸಿ ಹಂಚನ್ನು ಒಣಗಿಸುತ್ತಿತ್ತು. ಅದಕ್ಕೇ ಮಹಡಿ ತುಂಬ ಮರದ ಅಟ್ಟಣಿಗೆಗಳು, ಗೋಡೆಯ ಬದಲು ಗಾಳಿಯಾಡುವ ಮರದ ಪಟ್ಟಿಗಳು. ಅಮ್ಮ ತಲೆ ಮೇಲೆ ಸಿಂಬೆ ಇಟ್ಟು ಹಸಿ ಹಂಚು ಹೊತ್ತು ಆ ಏಣಿ ಮೆಟ್ಟಿಲು ಹತ್ತುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಹೊರಗಿನ ಸೆಕೆ, ಒಳಗಿನ ಗೂಡಿನ ಬಿಸಿ. ಸಂಜೆ ಮನೆಗೆ ಬಂದಾಗ ಅವರ ಕೂದಲಿಗೆ ಮಣ್ಣಿನ ವಾಸನೆ ಇರುತ್ತಿತ್ತು.

ನಮ್ಮ ಮನೆ ಮಾಡಿನ (ಛಾವಣಿಯ) ಒಂದು ಹಂಚಿನ ಅಡಿಯಲ್ಲಿ ಮೂರು ಬೆರಳಿನ ಗುರುತು ಉಂಟು. ಹಸಿ ಇದ್ದಾಗ ಯಾರೋ ಹಿಡಿದದ್ದು, ಹಾಗೆಯೇ ಬೆಂದು ಕೂತಿದೆ. ಅಮ್ಮನ ಬೆರಳು ಅಲ್ಲ, ಬೇರೆ ಕಾರ್ಖಾನೆಯ ಹಂಚು ಅದು. ಆದರೂ ನಾವು ಅದನ್ನು ತೆಗೆದು ಒಳಗೆ ಇಟ್ಟಿದ್ದೇವೆ. ನಿಮ್ಮ ಫೋಟೊದಲ್ಲಿ ಕಟ್ಟಡ ಎಷ್ಟು ಚೆನ್ನಾಗಿ ಬಂದರೂ ಅಲ್ಲಿ ಕೆಲಸ ಮಾಡಿದವರ ಒಂದು ಮಾತು ಜೊತೆಗೆ ಇಲ್ಲದಿದ್ದರೆ ಅರ್ಧವೇ ಆಯಿತು, ಅಣ್ಣ.

ಹಲಗೆಬಾಗಿಲು
ಅಕ್ಕ, ಇದನ್ನು ಎರಡು ಸಲ ಓದಿದೆ. ಮಹಡಿಯ ಮರದ ಪಟ್ಟಿಗಳನ್ನು ನಾನು ಬರೀ ಕಿಟಕಿ ಅಂದುಕೊಂಡಿದ್ದೆ. ಅಮ್ಮನಿಗೆ ಒಪ್ಪಿಗೆ ಇದ್ದರೆ ಬಂದು ಮಾತಾಡಿಸಬಹುದಾ?

ನೇತ್ರಾವತಿ_ದಡ
ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಜೋರಾಗಿ ಮಾತಾಡಿದರೆ ಆಯಿತು. ಬನ್ನಿ.

ಘಟ್ಟದ_ಮೇಲಿನವ
ಬ್ರಿಟಿಷರು ಕಟ್ಟಿದ ಕಾರ್ಖಾನೆಗಳು ಅಂತ ಇಷ್ಟು ಗಟ್ಟಿ ಇವೆ. ಈಗಿನವು ಹತ್ತು ವರ್ಷ ಬಾಳೋದಿಲ್ಲ.

ರೈನ್_ದಂಡೆಯಿಂದ
ಬ್ರಿಟಿಷರಲ್ಲ. ಜೆಪ್ಪುವಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಮಾಡಿದ್ದು ಬಾಸೆಲ್ ಮಿಷನ್. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮಿಷನರಿ ಸಂಸ್ಥೆ. ಬಂದವರಲ್ಲಿ ಜರ್ಮನರು ಜಾಸ್ತಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮೆಕ್ಯಾನಿಕ್ ಇಲ್ಲಿನ ಮಣ್ಣು ಪರೀಕ್ಷೆ ಮಾಡಿ ಹಂಚು ಸುಟ್ಟ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಅದನ್ನೆಲ್ಲ ವಶ ಮಾಡಿಕೊಂಡಿತು. ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋಯಿತು. ಹಾಗಾಗಿ ಹಂಚಿನ ಮೇಲಿನ ಅಚ್ಚು ನೋಡಿದರೇ ಅಂದಾಜು ಕಾಲ ಗೊತ್ತಾಗುತ್ತದೆ. ಬಾಸೆಲ್ ಮಿಷನ್ ಹೆಸರಿದ್ದರೆ ಯುದ್ಧಕ್ಕೆ ಮೊದಲಿನದು, ಕಾಮನ್‌ವೆಲ್ತ್ ಅಂತ ಇದ್ದರೆ ನಂತರದ್ದು.

ಇನ್ನೊಂದು ಉಪಯೋಗದ ಮಾತು. ನಾನು ಈಗ ಇರುವುದು ಬಾಸೆಲ್ ಹತ್ತಿರ. ಇಲ್ಲಿ ಮಿಷನ್ 21 ಅನ್ನುವ ಸಂಸ್ಥೆ ಹಳೆ ಮಿಷನ್ನಿನ ದಾಖಲೆ, ಫೋಟೊಗಳನ್ನು ಕಾಪಾಡಿಕೊಂಡಿದೆ. ತುಂಬ ಫೋಟೊಗಳು ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ, ಮಂಗಳೂರಿನ ಹಂಚಿನ ಕಾರ್ಖಾನೆಯವೂ ಇವೆ. ಅವುಗಳನ್ನು ಹಿಡಿದು ಅದೇ ಜಾಗದಲ್ಲಿ ನಿಂತು ಈಗಿನ ಫೋಟೊ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಘಟ್ಟದ_ಮೇಲಿನವ
ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೆ ಆ ಹಂಚಿನ ಆಕಾರ ನಮ್ಮದೇ ಅಲ್ವಾ? ಮಂಗಳೂರು ಹಂಚು ಅಂತಲೇ ಹೆಸರು.

ರೈನ್_ದಂಡೆಯಿಂದ
ಆಕಾರ ಫ್ರಾನ್ಸಿನ ಅಲ್ಸಾಸ್ ಕಡೆಯ ಗಿಲಾರ್ಡೋನಿ ಸಹೋದರರದ್ದು. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು. ಮಣ್ಣು, ಕೈ, ಬೆವರು ನಮ್ಮದು.

ಬಲ್ಮಠ_ಬಸ್‌ಸ್ಟಾಪ್
ಖಾಕಿ ಬಣ್ಣವನ್ನೂ ಮಂಗಳೂರಿನಲ್ಲೇ ಕಂಡುಹಿಡಿದದ್ದು ಗೊತ್ತಾ? ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಅಂತ ಒಬ್ಬರು, ಗೇರು ಸಿಪ್ಪೆಯ ಬಣ್ಣದಿಂದ.

ನಿವೃತ್ತ_ಮೇಷ್ಟ್ರು
ಆ ಮಾತು ಊರಲ್ಲಿ ಎಲ್ಲರ ಬಾಯಲ್ಲಿ ಉಂಟು. ಆದರೆ 1846ರಲ್ಲಿ ಪೇಶಾವರದಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಎಂಬ ಸೇನಾ ಪಡೆಯವರು ಹಾಲರ್‌ಗಿಂತ ಮೊದಲೇ ಮಣ್ಣು ಬಣ್ಣದ ಬಟ್ಟೆ ತೊಡುತ್ತಿದ್ದರು. ಖಾಕಿ ಪದವೂ ಪರ್ಷಿಯನ್ ಮೂಲದ್ದು, ಖಾಕ್ ಅಂದರೆ ಧೂಳು. ಹಾಲರ್ ಇಲ್ಲಿ ಒಳ್ಳೆಯ ಬಣ್ಣ ಮಾಡಿದರು ಅನ್ನೋಣ. ಕಂಡುಹಿಡಿದದ್ದು ಅನ್ನುವುದು ಬೇಡ.

ಬಲ್ಮಠ_ಬಸ್‌ಸ್ಟಾಪ್
ಮೇಷ್ಟ್ರೇ, ನಮ್ಮ ಊರಿನ ಒಂದು ಹೆಮ್ಮೆಯನ್ನೂ ಬಿಡುವುದಿಲ್ಲ ನೀವು.

ನಿವೃತ್ತ_ಮೇಷ್ಟ್ರು
ಹೆಮ್ಮೆಗೆ ಬೇರೆ ಬೇಕಾದಷ್ಟು ಉಂಟು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಟದ್ದು 1843ರಲ್ಲಿ ಇದೇ ಊರಿಂದ, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರ ಕೈಯಲ್ಲಿ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಗೋದಾಮಿನ_ಮೊಮ್ಮಗ
ಎಲ್ಲರೂ ಚೆಂದ ಚೆಂದ ಬರೆದಿದ್ದೀರಿ. ನಾನು ಆ ಕಡೆಯಿಂದ ಬರೆಯುತ್ತೇನೆ. ಬಂದರಿನಲ್ಲಿ ನಮ್ಮದೊಂದು ಗೋದಾಮು ಉಂಟು. ಅಜ್ಜ ಕೊಪ್ಪರೆ, ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಆಗ ಹಡಗಿನ ಮಾಲೆಲ್ಲ ಈ ಹಳೆ ಬಂದರಿಗೇ ಬರುತ್ತಿತ್ತು. ಪಣಂಬೂರಿನ ಹೊಸ ಬಂದರು 1974ರಲ್ಲಿ ದೊಡ್ಡ ಬಂದರು ಅಂತ ಘೋಷಣೆ ಆದ ಮೇಲೆ ದೊಡ್ಡ ವ್ಯಾಪಾರ ಆ ಕಡೆ ಹೋಯಿತು. ಇಲ್ಲಿ ಉಳಿದದ್ದು ಮೀನು ಮತ್ತು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು.

ಈಗ ಲೆಕ್ಕ ಕೇಳಿ. ಪ್ರತಿ ವರ್ಷ ಮಳೆಗೆ ಮೊದಲು ಮಾಡು ರಿಪೇರಿ ಮಾಡಿಸಬೇಕು. ಹಂಚು ಇಳಿಸಿ, ಹಂಚಿನ ಅಡಿಯ ಮರದ ಪಕ್ಕಾಸು, ರೀಪು ಕೊಳೆತದ್ದು ತೆಗೆದು ಹೊಸದು ಹಾಕಿ, ಮತ್ತೆ ಹಂಚು ಹೊದಿಸಬೇಕು. ಆ ಕೆಲಸ ಗೊತ್ತಿದ್ದವರಿಗೆ ಈಗ ವಯಸ್ಸಾಯಿತು. ಹುಡುಗರು ಮಾಡು ಹತ್ತುವುದಿಲ್ಲ. ಒಂದು ಹಂಚು ಒಡೆದರೆ ಅದೇ ಅಚ್ಚಿನದ್ದು ಬೇಕು. ಬೇರೆ ಕಾರ್ಖಾನೆಯದ್ದು ಸರಿಯಾಗಿ ಕಚ್ಚುವುದಿಲ್ಲ, ಅಲ್ಲೇ ಸೋರುತ್ತದೆ. ಕೆಂಪು ಕಲ್ಲಿನ ಗೋಡೆಯ ಗಾರೆ ಉದುರಿದರೆ ಸಿಮೆಂಟು ಮೆತ್ತುತ್ತಾರೆ, ಒಳಗೆ ನೀರು ಕೂತು ಇನ್ನೂ ಹಾಳಾಗುತ್ತದೆ. ಜಾಗಕ್ಕೆ ಏಳು ಜನ ಪಾಲುದಾರರು. ಬಾಡಿಗೆ ಅಜ್ಜನ ಕಾಲದ್ದು. ನೀವು ಭಾನುವಾರ ಬಂದು ಫೋಟೊ ತೆಗೆದು, "ಅಯ್ಯೋ, ಕೆಡವಬೇಡಿ" ಅಂತ ಬರೆದು ಹೋಗುತ್ತೀರಿ. ಜೂನ್ ತಿಂಗಳಲ್ಲಿ ಬಾಲ್ದಿ ಇಡುವವರು ನಾವು.

ಬೋಳಾರದ_ಹುಡುಗಿ
ನಿಮ್ಮ ಕಷ್ಟ ನಿಜ. ಆದರೆ ಇವರು ಕೆಡವಬೇಡಿ ಅಂತ ಎಲ್ಲೂ ಬರೆದಿಲ್ಲವಲ್ಲ. ಫೋಟೊ ಮಾತ್ರ ಕೇಳಿದ್ದು.

ಗೋದಾಮಿನ_ಮೊಮ್ಮಗ
ಇವತ್ತು ಫೋಟೊ, ನಾಳೆ ಪಾರಂಪರಿಕ ಕಟ್ಟಡ ಅಂತ ನೋಟಿಸು. ಆಮೇಲೆ ಒಂದು ಮೊಳೆ ಹೊಡೆಯಲಿಕ್ಕೂ ಬಿಡುವುದಿಲ್ಲ.

ನಿವೃತ್ತ_ಮೇಷ್ಟ್ರು
ಹಾಗೆ ಆಗುವುದಿಲ್ಲ. 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ನೂರು ವರ್ಷಕ್ಕೆ ಕಡಿಮೆ ಇಲ್ಲದ್ದು ಅಂತ ಇದೆ, ನಿಜ. ಆದರೆ ವಯಸ್ಸಾಯಿತು ಅಂತ ತಾನಾಗಿ ಯಾವ ಕಟ್ಟಡಕ್ಕೂ ರಕ್ಷಣೆ ಬರುವುದಿಲ್ಲ. ಸರ್ಕಾರ ಮೊದಲು ಉದ್ದೇಶ ಪ್ರಕಟಿಸಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು, ಆಮೇಲೆ ಅಧಿಸೂಚನೆ. ಒಬ್ಬ ಹುಡುಗ ಬೀದಿಯಲ್ಲಿ ನಿಂತು ಫೋಟೊ ತೆಗೆದರೆ ನಿಮ್ಮ ಜಾಗಕ್ಕೆ ಏನೂ ಆಗುವುದಿಲ್ಲ.

ಮೂರುಕಾಲು
ಕಾನೂನಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಕಟ್ಟಡದ ಫೋಟೊ ತೆಗೆದರೆ, ಪ್ರಕಟಿಸಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ ಅಂತ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲೇ ಇದೆ. ಆದರೆ ಕಾನೂನು ಬೇರೆ, ಮರ್ಯಾದೆ ಬೇರೆ. ಒಳಗೆ ಹೋಗುವುದಿದ್ದರೆ ಕೇಳಿಯೇ ಹೋಗಬೇಕು. ಜನರ ಮುಖ ಇದ್ದರೆ ಅವರನ್ನು ಕೇಳಬೇಕು.

ಹೆದರಿಕೆಗೆ ನಾನು ಮಾಡುವುದು ಹೀಗೆ. ಮೊದಲ ವಾರ ಕ್ಯಾಮರಾ ತೆಗೆಯುವುದೇ ಇಲ್ಲ. ಅಲ್ಲೇ ಒಂದು ಚಹಾ ಕುಡಿಯುತ್ತೇನೆ, ಎರಡು ಮಾತಾಡುತ್ತೇನೆ. ಎರಡನೇ ವಾರ ತೆಗೆಯುತ್ತೇನೆ. ಮೂರನೇ ವಾರ ಅದರ ಪ್ರಿಂಟ್ ಹಾಕಿಸಿ ಕೊಡುತ್ತೇನೆ. ಆಮೇಲೆ ಅವರೇ ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ.

ತೆಗೆಯುವ ರೀತಿ ಬಗ್ಗೆ: ಗೋಡೆಗೆ ನೇರ ಎದುರು ನಿಲ್ಲಿ, ಕ್ಯಾಮರಾವನ್ನು ಮೇಲಕ್ಕೆ ಬಾಗಿಸಬೇಡಿ, ಬಾಗಿಸಿದರೆ ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಬಂದರಿನ ಓಣಿಗಳಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಆದರೂ ಅತಿ ಅಗಲದ ಲೆನ್ಸ್ ಹಾಕಬೇಡಿ. ನಾಲ್ಕೈದು ಫೋಟೊ ಪಕ್ಕಪಕ್ಕ ತೆಗೆದು ಜೋಡಿಸಿ. ಮೋಡದ ದಿನ ಒಳ್ಳೆಯದು. ಮಳೆ ನಿಂತ ಅರ್ಧ ಗಂಟೆ ಇನ್ನೂ ಒಳ್ಳೆಯದು. ನೆನೆದ ಹಂಚಿನ ಕೆಂಪು, ಗೋಡೆಯ ಪಾಚಿಯ ಹಸಿರು ಆಗ ಮಾತ್ರ ಸಿಗುವುದು.

ಘಟ್ಟದ_ಮೇಲಿನವ
ಹಳೆ ಕಟ್ಟಡಕ್ಕೆ ಕಪ್ಪು ಬಿಳುಪು ಚೆನ್ನಾಗಿರುತ್ತೆ.

ಮೂರುಕಾಲು
ದಯವಿಟ್ಟು ಬೇಡ. ಹಂಚಿನ ಊರಿಗೆ ಬಂದು ಹಂಚಿನ ಬಣ್ಣವನ್ನೇ ತೆಗೆದು ಹಾಕುವುದಾ? ನೀಲಿ ಬಳಿದ ಬಾಗಿಲು, ಹಸಿರು ಕಿಟಕಿ, ಯಾವ ಬಣ್ಣದ ಮೇಲೆ ಯಾವ ಬಣ್ಣ ಹಚ್ಚಿದ್ದರು ಅನ್ನುವುದೂ ದಾಖಲೆಯೇ.

ಮಂಡಕ್ಕಿ_ಭಟ್ಟಿ
ನಾನು ದಾವಣಗೆರೆಯವನು. ನಿಮ್ಮದು ಹಂಚಾದರೆ ನಮ್ಮದು ಹತ್ತಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಗಿರಣಿಗಳು ಒಂದೊಂದಾಗಿ ನಿಂತುಹೋದವು. ಗಿರಣಿ ಕೂಗಿದಾಗ ಅಕ್ಕಿ ಇಡೋದು, ಕೂಗಿದಾಗ ಮಕ್ಕಳನ್ನ ಶಾಲೆಗೆ ಕಳಿಸೋದು, ಹಾಗೆ ಬೆಳೆದವರು ನಾವು. ಅದನ್ನ ಫೋಟೊ ತೆಗೆಯೋ ಹೊತ್ತಿಗೆ ನಾನು ತಡ ಮಾಡಿದೆ. ನಮ್ಮ ಓಣಿ ಹಿಂದಿನ ಗಿರಣಿ ಗೋಡೆಯ ಒಂದು ಫೋಟೊನೂ ನನ್ನ ಹತ್ರ ಇಲ್ಲ. ಅಪ್ಪ ಆ ಗೋಡೆಗೆ ಸೈಕಲ್ ಒರಗಿಸಿ ನಿಲ್ತಿದ್ರು. ಈಗ ಮಂಡಕ್ಕಿ ಭಟ್ಟಿಗಳನ್ನ ತೆಗೀತಾ ಇದೀನಿ, ಅವು ಇನ್ನೂ ಉರೀತಾ ಇವೆ. ನಿಂತ ಮೇಲೆ ತೆಗೆಯೋದಕ್ಕಿಂತ ನಡೀತಿರೋವಾಗಲೇ ತೆಗೆಯೋದು ಒಳ್ಳೇದು ಅಂತ ಈಗ ಗೊತ್ತಾಗಿದೆ.

ನೇತ್ರಾವತಿ_ದಡ
ಅಪ್ಪನ ಸೈಕಲ್ಲಿನ ಮಾತು ಮನಸ್ಸಿಗೆ ತಟ್ಟಿತು.

ಬ್ರಶ್ಶು_ಬಣ್ಣ
ಬೋರ್ಡಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಾನು ಇಪ್ಪತ್ತೆರಡು ವರ್ಷ ಅಂಗಡಿ ಬೋರ್ಡು ಬರೆದೆ. ಒಂದು ನೂಲಿಗೆ ಸೀಮೆಸುಣ್ಣ ಹಚ್ಚಿ, ಎರಡು ತುದಿ ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ಎಳೆದು ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತದೆ. ಇಂಗ್ಲಿಷಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಮೂರು ಬೇಕು, ಕೆಳಗೆ ಒತ್ತಿಗೆ ಜಾಗ ಬಿಡಬೇಕು. "ಸ್ಟೋರ್ಸ್" ಅಂತ ಬರೆಯುವಾಗ ಆ ಟ ಒತ್ತು, ಅರ್ಕಾವತ್ತು ಎರಡೂ ಎಲ್ಲಿ ಕೂರಬೇಕು ಅಂತ ಮೊದಲೇ ಲೆಕ್ಕ ಹಾಕದಿದ್ದರೆ ಕೊನೆಯಲ್ಲಿ ಅಕ್ಷರ ಇರುಕಾಗುತ್ತದೆ. ಫ್ಲೆಕ್ಸ್ ಬಂದ ಮೇಲೆ ಈ ಲೆಕ್ಕ ಯಾರಿಗೂ ಬೇಡವಾಯಿತು. ಅಕ್ಷರವನ್ನು ಅಡ್ಡಕ್ಕೆ ಹಿಗ್ಗಿಸಿ ಮುದ್ರಿಸುತ್ತಾರೆ.

ನೀವು ಫೋಟೊ ತೆಗೆಯುವಾಗ ಬೋರ್ಡಿನ ಕೆಳಗಿನ ಬಲ ಮೂಲೆ ನೋಡಿ. ನಾವು ಸಣ್ಣದಾಗಿ ಹೆಸರು ಹಾಕುತ್ತಿದ್ದೆವು. ಅದು ಫೋಟೊದಲ್ಲಿ ಬರಲಿ.

ಕೆಂಪುಕಲ್ಲು
ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ಬಂದ ಮೇಲೆ ಹಳೆ ಬೋರ್ಡುಗಳು ಇನ್ನೂ ಬೇಗ ಹೋಗುತ್ತಿವೆ ಅನ್ನಿಸುತ್ತದೆ.

ಬ್ರಶ್ಶು_ಬಣ್ಣ
ಅದನ್ನು ಒಪ್ಪುವುದಿಲ್ಲ. ನಾನು ಬರೆದ ಹಳೆ ಬೋರ್ಡುಗಳಲ್ಲಿ ಕನ್ನಡವೇ ದೊಡ್ಡದು. ಅವನ್ನು ತೆಗೆದದ್ದು ಕಾಯ್ದೆ ಅಲ್ಲ, ಒಂದೇ ದಿನದಲ್ಲಿ ಕಡಿಮೆ ದುಡ್ಡಿಗೆ ಸಿಗುವ ಫ್ಲೆಕ್ಸ್. ಕಾಯ್ದೆ ಬಂದಾಗ ಎರಡು ಅಂಗಡಿಯವರು ನನ್ನನ್ನು ಮತ್ತೆ ಕರೆದು ಬರೆಸಿದರು. ಕೈ ಸ್ವಲ್ಪ ನಡುಗಿತು, ಆದರೆ ಒತ್ತು ಸರಿಯಾಗಿ ಕೂತಿತು.

ಕೆಂಪುಕಲ್ಲು
ನಿಮ್ಮ ಅನುಭವ ಜಾಸ್ತಿ, ಸರಿ. ನಾನು ಹೇಳಿದ್ದು ಬೆಂಗಳೂರಿನ ಪೇಟೆ ಕಡೆ ನೋಡಿ. ಅಲ್ಲಿ ಉರ್ದು, ತಮಿಳು ಅಕ್ಷರದ ಹಳೆ ಬೋರ್ಡುಗಳಿದ್ದವು.

ಬೋಳಾರದ_ಹುಡುಗಿ
ಫೋಟೊಗಳನ್ನು ಎಲ್ಲಿ ಇಡುತ್ತೀರಿ? ಇನ್‌ಸ್ಟಾಗ್ರಾಂನಲ್ಲಿ ಮಾತ್ರ ಹಾಕಿದರೆ ಎರಡು ದಿನದಲ್ಲಿ ಕೆಳಗೆ ಹೋಗುತ್ತದೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹಾಕಿ. ತಾರೀಕು, ಬೀದಿ ಹೆಸರು, ಯಾವ ದಿಕ್ಕಿಗೆ ಮುಖ, ಕನ್ನಡದಲ್ಲೇ ಬರೆಯಿರಿ. ಈಗ ಅಂಗಡಿಯಲ್ಲಿ ಏನು ಮಾರುತ್ತಾರೆ ಅನ್ನುವುದೂ ಬೇಕು.

ಮೂರುಕಾಲು
ಅಲ್ಲಿ ಹಾಕಿದರೆ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ಅದು ಗೊತ್ತಿದ್ದು ಹಾಕಿ. ನಾನು ಅರ್ಧ ಹಾಕಿದ್ದೇನೆ, ಅರ್ಧ ನನ್ನ ಹತ್ತಿರ ಇಟ್ಟಿದ್ದೇನೆ.

ಗೋದಾಮಿನ_ಮೊಮ್ಮಗ
ನಿನ್ನೆ ಸ್ವಲ್ಪ ಖಾರವಾಗಿ ಬರೆದೆ. ಮನೆಯಲ್ಲಿ ದೊಡ್ಡಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. ಅವರಿಗೆ 84. ಕೊಕ್ಕೆಯ ಮಾತು ಬಂದ ಕೂಡಲೇ ಎದ್ದು ಕೂತರು. ಅದು ತಕ್ಕಡಿ ಕೊಕ್ಕೆ ಅಂದರು. ಎರಡು ಕಡೆ ಹಲಗೆ ತೂಗುವ ದೊಡ್ಡ ತಕ್ಕಡಿ, ಒಂದು ಕಡೆ ಮೂಟೆ, ಇನ್ನೊಂದು ಕಡೆ ಕಬ್ಬಿಣದ ಗುಂಡು. ಮಾಲು ಒಳಗೆ ಹೋಗುವ ಮೊದಲು ಜಗಲಿಯಲ್ಲೇ, ಎಲ್ಲರ ಕಣ್ಣೆದುರು ತೂಗಬೇಕು. ಒಳಗೆ ತೂಗಿದರೆ ಮಾರುವವನಿಗೆ ನಂಬಿಕೆ ಬರುವುದಿಲ್ಲ. ತೂಕದ ಲೆಕ್ಕ ಕೂಗಿ ಹೇಳಲಿಕ್ಕೆ ಒಬ್ಬ, ಬರೆಯಲಿಕ್ಕೆ ಒಬ್ಬ. ದೊಡ್ಡಪ್ಪ ಹನ್ನೆರಡನೇ ವಯಸ್ಸಿನಲ್ಲಿ ಬರೆಯಲು ಕೂತವರು.

ಬೋಳಾರದ_ಹುಡುಗಿ
ಆದರೆ ರಾಟೆ ಕೂಡ ಇರಬಹುದಲ್ವಾ? ನಾನು ನೋಡಿದ ಒಂದರ ಮೇಲೆ ಅಟ್ಟದ ಬಾಗಿಲು ಇತ್ತು.

ಹಲಗೆಬಾಗಿಲು
ಇವತ್ತು ಭಾನುವಾರ, ಹೋಗಿ ಹನ್ನೊಂದನ್ನೂ ಮತ್ತೆ ನೋಡಿ ಬಂದೆ. ಇಬ್ಬರ ಮಾತೂ ಸರಿ. ಮೂರು ಕಡೆ ಕೊಕ್ಕೆ ಎತ್ತರದಲ್ಲಿದೆ, ಅದರ ನೇರಕ್ಕೆ ಅಟ್ಟದಲ್ಲಿ ಸಣ್ಣ ಬಾಗಿಲು ಇದೆ, ಹೊಸ್ತಿಲಿನ ಮರ ಹಗ್ಗ ಉಜ್ಜಿ ತೋಡಾಗಿದೆ. ಅವು ರಾಟೆಯವು. ಉಳಿದ ಎಂಟು ತಗ್ಗಿನಲ್ಲಿವೆ, ಮೇಲೆ ಬಾಗಿಲಿಲ್ಲ. ಅವುಗಳ ಕೆಳಗೆ ಜಗಲಿ ಕಲ್ಲಿನಲ್ಲಿ ಎರಡು ತಗ್ಗು. ನಡುವೆ ನಾಲ್ಕು ಅಡಿ ಅಂತರ. ತಕ್ಕಡಿಯ ಎರಡು ಹಲಗೆ ಇಳಿದು ಇಳಿದು ಸವೆದದ್ದು. ಆರು ತಿಂಗಳು ಆ ಕಲ್ಲಿನ ಮೇಲೆಯೇ ಟ್ರೈಪಾಡ್ ಇಟ್ಟಿದ್ದೆ, ನೋಡಿರಲಿಲ್ಲ.

ಕೊಕ್ಕೆ ಮತ್ತು ಕಲ್ಲು ಎರಡೂ ಒಂದೇ ಫೋಟೊದಲ್ಲಿ ಬರುವಂತೆ ನೆಲಕ್ಕೆ ಕೂತು ತೆಗೆದಿದ್ದೇನೆ. ಮೊಮ್ಮಗ ಅಣ್ಣ, ದೊಡ್ಡಪ್ಪನಿಗೆ ಒಂದು ದೊಡ್ಡ ಪ್ರಿಂಟ್ ಹಾಕಿಸುತ್ತೇನೆ. ಯಾವಾಗ ಬರಲಿ?

ಗೋದಾಮಿನ_ಮೊಮ್ಮಗ
ಸಂಜೆ ನಾಲ್ಕರ ಮೇಲೆ ಯಾವತ್ತಾದರೂ ಬನ್ನಿ. ದೊಡ್ಡಪ್ಪ ಆ ಕಬ್ಬಿಣದ ಗುಂಡುಗಳು ಅಟ್ಟದಲ್ಲೇ ಉಂಟು ಅನ್ನುತ್ತಿದ್ದಾರೆ. ಇಳಿಸಲಿಕ್ಕೆ ಇನ್ನೊಬ್ಬರು ಬೇಕು.

ಮೂರುಕಾಲು
ನಾನೂ ಬರುತ್ತೇನೆ.